ಇಂಜಿನ್ ಅಲ್ಲಿಂದ, ಜಾಯಿನರ್ ಇಲ್ಲಿಂದ

ಮಾಡೆಲ್ ರೈಲಿನ ಇಂಜಿನ್ ಪೆಟ್ಟಿಗೆಯ ಮೇಲೆ ಆನ್‌ಲೈನಿನಲ್ಲಿ ಮಾರಿದವರು ಅಂಟಿಸಿದ್ದ ಸ್ಟಿಕರನ್ನು ಕಿತ್ತು ಹಾಕಿದ್ದೆ. ಮೊದಲು ಉಗುರಿನಿಂದ ಕೆರೆದೆ, ಆಮೇಲೆ ಸ್ವಲ್ಪ ಎಣ್ಣೆ ಹಚ್ಚಿ ಒರೆಸಿದೆ. ಆದರೂ ಚೌಕಾಕಾರದ ಅಂಟಿನ ಗುರುತು ಉಳಿದೇಬಿಟ್ಟಿತು. ಅದೇ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಮಾಡೆಲ್ ರೈಲಿನ ಸಾಮಾನು ಮಾರುವ ಅಂಗಡಿಗೆ ಹೋದೆ.

ಹೊಸ ಇಂಜಿನ್ ಹಳಿ ತಪ್ಪುತ್ತಿತ್ತು. ನೇರ ಹಳಿಯ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಹಳಿ ಕವಲೊಡೆಯುವ ಪಾಯಿಂಟ್ ಬಂದರೆ ಸಾಕು, 'ಟಿಕ್' ಅಂತ ಒಂದು ಸದ್ದು, ಒಂದು ಗಾಲಿ ಎದ್ದು ಪಕ್ಕಕ್ಕೆ ಇಳಿಯುತ್ತಿತ್ತು. ಎರಡು ವಾರ ನನ್ನ ಹಳಿಯದ್ದೇ ತಪ್ಪು ಅಂದುಕೊಂಡು ಆ ಪಾಯಿಂಟನ್ನು ಎರಡು ಸಲ ಕಿತ್ತು ಕೂರಿಸಿದ್ದೆ. ಆನ್‌ಲೈನಿನಲ್ಲಿ ಮಾರಿದವರಿಗೆ ಬರೆದೆ. ವಾಪಸ್ ಕಳಿಸಿ, ದುಡ್ಡು ಹಿಂದಿರುಗಿಸುತ್ತೇವೆ ಅಂದರು. ಅದೇ ಮಾದರಿಯ ಇನ್ನೊಂದು ಕೊಡಿ ಅಂದರೆ ಸ್ಟಾಕ್ ಇಲ್ಲ. ನನಗೆ ಬೇಕಾಗಿದ್ದು ಇಂಜಿನ್, ದುಡ್ಡಲ್ಲ.

ಅಂಗಡಿಯವರು ಏನೂ ಕೇಳಲಿಲ್ಲ. ಇಂಜಿನನ್ನು ತಲೆಕೆಳಗು ಮಾಡಿ ಸ್ಪಂಜಿನ ತೊಟ್ಟಿಲಲ್ಲಿ ಮಲಗಿಸಿದರು. ಡ್ರಾಯರಿನಿಂದ ಒಂದು ಚಪ್ಪಟೆ ಲೋಹದ ತಗಡು ತೆಗೆದರು. ಅಂಚಿನ ಸುತ್ತ ಕಚ್ಚುಗಳಿರುವ ಈ ತಗಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಗೇಜ್, ಅಂದರೆ ಹಳಿ, ಗಾಲಿಗಳ ಅಳತೆ ನೋಡುವ ಸಾಧನ. ಒಂದು ಕಂಪನಿಯ ಇಂಜಿನ್ ಇನ್ನೊಂದು ಕಂಪನಿಯ ಹಳಿ ಮೇಲೂ ಓಡಲಿ ಅಂತ 1935ರಿಂದ ಅಳತೆಗಳ ಹಿಂದೆ ಬಿದ್ದಿರುವ ಸಂಘ ಅದು. ಅವರು ಒಂದೊಂದೇ ಗಾಲಿ ಜೋಡಿಗೆ ಕಚ್ಚು ಹಿಡಿದು ನೋಡುತ್ತಾ ಹೋದರು. ಎರಡನೆಯದು ಕೂರಲಿಲ್ಲ. ಗಾಲಿಗಳೆರಡೂ ಕೂದಲೆಳೆಯಷ್ಟು ಹತ್ತಿರ ಬಂದಿದ್ದವು. ಎರಡು ಕೈಯ ಬೆರಳಲ್ಲಿ ಹಿಡಿದು, ಮುಚ್ಚಳ ತಿರುಗಿಸಿದ ಹಾಗೆ ಮೆಲ್ಲಗೆ ತಿರುಚಿ ಹೊರಗೆಳೆದರು. ಮತ್ತೆ ಕಚ್ಚು ಹಿಡಿದರು, ಕೂತಿತು. ಗಲ್ಲಾದ ಪಕ್ಕದಲ್ಲೇ ಇರುವ ಟೆಸ್ಟ್ ಹಳಿಯ ಪಾಯಿಂಟಿನ ಮೇಲೆ ಇಂಜಿನನ್ನು ಹಿಂದಕ್ಕೂ ಮುಂದಕ್ಕೂ ಹತ್ತು ಸಲ ಓಡಿಸಿದರು. ಟಿಕ್ ಇಲ್ಲ.

"ಎಷ್ಟಾಯ್ತು ಸಾರ್?"

"ಇದಕ್ಕೇನ್ರೀ ದುಡ್ಡು, ಎರಡು ನಿಮಿಷದ ಕೆಲಸ."

ಇಂಜಿನನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. ಮುಚ್ಚುವಾಗ ಅವರ ಹೆಬ್ಬೆರಳು ಆ ಅಂಟಿನ ಗುರುತಿನ ಮೇಲೆ ಒಂದು ಕ್ಷಣ ನಿಂತಿತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬರಿಗೈಯಲ್ಲಿ ಹೊರಡೋಕೆ ಆಗದೆ ಹಳಿಯ ತುಂಡುಗಳನ್ನು ಜೋಡಿಸುವ ರೈಲ್ ಜಾಯಿನರ್ ಎರಡು ಪೊಟ್ಟಣ ತಗೊಂಡೆ. ಮನೆಯಲ್ಲಿ ಆಗಲೇ ಐದು ಪೊಟ್ಟಣ ಇದ್ದವು.

ಮಾಡೆಲ್ ರೈಲಿನ ಹುಚ್ಚು ಇರುವವರಿಗೆ ಪಟ್ಟಿ ಬರೆದಿಡುವ ಹುಚ್ಚೂ ಇರುತ್ತದೆ. ನನ್ನದೂ ಒಂದು ಪುಸ್ತಕವಿದೆ. ಯಾವ ಇಂಜಿನ್, ಯಾವ ಡಬ್ಬಿ, ಯಾವಾಗ ಕೊಂಡಿದ್ದು, ಎಲ್ಲಿ ಕೊಂಡಿದ್ದು. ಅವತ್ತು ರಾತ್ರಿ ಅದನ್ನು ತೆಗೆದು ಕೂತೆ. 'ಎಲ್ಲಿ' ಅನ್ನೋ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗೆ ಇಳಿದೆ. ಮೊದಲ ಪುಟಗಳಲ್ಲಿ ಎಲ್ಲವೂ ಅಂಗಡಿಯದ್ದೇ. ಮಧ್ಯದಲ್ಲಿ ಆನ್‌ಲೈನ್ ಅಲ್ಲೊಂದು ಇಲ್ಲೊಂದು. ಕೊನೆಯ ನಾಲ್ಕು ಪುಟಗಳಲ್ಲಿ ಒಂದೇ ಒಂದು ಇಂಜಿನ್ ಕೂಡ ಅಂಗಡಿಯದ್ದಲ್ಲ. ಹಾಗಂತ ನಾನೇನು ಅಂಗಡಿಗೆ ಹೋಗೋದು ಬಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಮುಂಚಿಗಿಂತ ಜಾಸ್ತಿಯೇ ಹೋಗುತ್ತಿದ್ದೆ. ಜಾಯಿನರ್, ಅಂಟು, ಬಣ್ಣ, ಹಳಿ ನಡುವೆ ಹರಡುವ ಪುಡಿಜಲ್ಲಿ, ತೆಳು ವೈರು, ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸುವ, ಕೇಡೀ ಕಂಪನಿಯ 5ನೇ ನಂಬರಿನ ಕಪ್ಲರ್. ಇವನ್ನೆಲ್ಲ ಯಾರು ಪೋಸ್ಟಿನಲ್ಲಿ ತರಿಸುತ್ತಾರೆ? ಸಾಮಾನಿಗಿಂತ ಸಾಗಣೆಯೇ ದುಬಾರಿ. ಅದೂ ಅಲ್ಲದೆ ಕೆಲಸ ಅರ್ಧದಲ್ಲಿ ನಿಂತಾಗ ಬೇಕಾಗುವ ವಸ್ತುಗಳಿವು. ಇವತ್ತೇ ಬೇಕು.

ಹೀಗಾಗಿ ಅಂಗಡಿಗೆ ಬರುವ ಗಿರಾಕಿ ಕಮ್ಮಿಯಾಗಲಿಲ್ಲ, ಬಿಲ್ ಕಮ್ಮಿಯಾಯಿತು. ಆನ್‌ಲೈನ್ ರಿಯಾಯಿತಿ ಬಂದು ಸಣ್ಣ ಅಂಗಡಿಗಳು ಖಾಲಿ ಹೊಡೆಯುತ್ತಿವೆ ಅಂತ ಜನ ಹೇಳುತ್ತಾರಲ್ಲ, ನಾನು ಕಂಡಿದ್ದು ಹಾಗಲ್ಲ. ಶನಿವಾರ ಹೋದರೆ ಅಲ್ಲಿ ನಿಲ್ಲೋಕೆ ಜಾಗ ಇರುವುದಿಲ್ಲ. ಎಲ್ಲರ ಕೈಯಲ್ಲೂ ಒಂದೊಂದು ಸಣ್ಣ ಪೊಟ್ಟಣ, ಬಾಯಲ್ಲಿ ಒಂದೊಂದು ಪ್ರಶ್ನೆ. ಅಂಗಡಿಯ ಬಾಡಿಗೆ ಕಟ್ಟುತ್ತಿದ್ದಿದ್ದು ಇಂಜಿನ್. ಪೊಟ್ಟಣದ ಸಾಮಾನು ಗಿರಾಕಿಯನ್ನು ಒಳಗೆ ಕರೆತರುತ್ತಿತ್ತು, ಅಷ್ಟೇ. ಈಗ ಇಂಜಿನ್ ಬೇರೆ ಕಡೆಯಿಂದ ಬರುತ್ತದೆ, ಪೊಟ್ಟಣ ಮಾತ್ರ ಇಲ್ಲಿ.

ಆನ್‌ಲೈನಿನ ದೊಡ್ಡ ವ್ಯಾಪಾರಿಗಳು ಅಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ ಅನ್ನೋದರಲ್ಲಿ ಮಾಟಮಂತ್ರ ಏನಿಲ್ಲ. ಒಂದೇ ಮಾದರಿಯನ್ನು ಪೆಟ್ಟಿಗೆಗಟ್ಟಲೆ ಎತ್ತುವವನಿಗೆ ತಯಾರಕರು ಒಂದು ದರ ಕೊಡುತ್ತಾರೆ, ಎರಡೇ ಎರಡು ಎತ್ತುವವನಿಗೆ ಇನ್ನೊಂದು. ದೊಡ್ಡವನ ಗೋದಾಮು ಬಾಡಿಗೆ ಕಡಿಮೆ ಇರುವ ಕಡೆ ಇರುತ್ತದೆ. ಶೋಕೇಸ್ ಬೇಡ, ಟೆಸ್ಟ್ ಹಳಿ ಬೇಡ, "ನನ್ನ ಮಗನಿಗೆ ಯಾವುದು ಸರಿ" ಅಂತ ಕೇಳುವವರಿಗೆ ಮುಕ್ಕಾಲು ಗಂಟೆ ಉತ್ತರ ಹೇಳುವ ಮನುಷ್ಯನೂ ಬೇಡ. ಸಣ್ಣ ಅಂಗಡಿಯವರು ಕೊಂಡು ತಂದ ದರಕ್ಕೆ ಕೂದಲಷ್ಟು ಹತ್ತಿರದಲ್ಲೇ ದೊಡ್ಡವರು ಮಾರಿಬಿಡುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಆದರೆ ಆ ಮುಕ್ಕಾಲು ಗಂಟೆ ಇದೆಯಲ್ಲ, ಈ ಹವ್ಯಾಸದಲ್ಲಿ ಅದಕ್ಕೆ ಇರುವ ಬೆಲೆ ಬೇರೆ ವ್ಯಾಪಾರದಲ್ಲಿ ಇಲ್ಲ ಅನ್ನಿಸುತ್ತದೆ. ಹೊಸಬರ ಕಷ್ಟ ನೋಡಿ. ಎಚ್‌ಒ ಅನ್ನೋ ಸ್ಕೇಲ್ ಅಂದರೆ 1:87, ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಬ್ರಿಟನ್ನಿನ ಒಒ ಅಂದರೆ 1:76. ಎರಡೂ ಓಡೋದು 16.5 ಮಿಲಿಮೀಟರಿನ ಅದೇ ಹಳಿ ಮೇಲೆ. ಹಳಿ ಒಂದೇ ಅಲ್ವಾ ಅಂತ ಇಂಜಿನ್ ಒಂದು, ಡಬ್ಬಿ ಇನ್ನೊಂದು ತರಿಸಿ ಜೋಡಿಸಿದರೆ ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ ಕಾಣುತ್ತದೆ. ಎನ್ ಸ್ಕೇಲ್ 9 ಮಿಲಿಮೀಟರ್ ಹಳಿ, 1:160. ಜಪಾನಿನ ರೈಲುಗಳಾದರೆ ಸಾಮಾನ್ಯವಾಗಿ 1:150. 'ಡಿಸಿಸಿ ರೆಡಿ' ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತದೆ. ಡಿಸಿಸಿ ಅಂದರೆ ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಇಂಜಿನ್ ಓಡಿಸುವ ಪದ್ಧತಿ. ರೆಡಿ ಅಂದರೆ ತಯಾರು ಅಂತಲೇ ಎಲ್ಲರೂ ಓದಿಕೊಳ್ಳುತ್ತಾರೆ. ಹಾಗಲ್ಲ. ಡಿಕೋಡರ್ ಚಿಪ್ ಕೂರಿಸೋಕೆ ಜಾಗ ಇದೆ, ಚಿಪ್ ಇಲ್ಲ ಅಂತ ಅರ್ಥ. ಆ ಜಾಗವಾದರೂ ಒಂದೇ ತರಹವೇ? 8 ಪಿನ್, 21 ಪಿನ್, ನೆಕ್ಸ್ಟ್18. ತಪ್ಪು ಚಿಪ್ ತರಿಸಿಕೊಂಡು ತಲೆ ಚಚ್ಚಿಕೊಂಡವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಇದನ್ನೆಲ್ಲ ವೀಡಿಯೊ ನೋಡಿ ಕಲಿಯಬಹುದು, ನಿಜ. ಆದರೆ ಏನು ಗೊತ್ತಿಲ್ಲ ಅನ್ನೋದೇ ಗೊತ್ತಿಲ್ಲದವನು ವೀಡಿಯೊದಲ್ಲಿ ಏನಂತ ಹುಡುಕಬೇಕು?

1960ರಲ್ಲಿ ಲೆಸ್ಟರ್ ಟೆಲ್ಸರ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಇದೇ ಮಾತನ್ನು ಬರೆದಿದ್ದರು. ತಯಾರಕರು ತಮ್ಮ ಸಾಮಾನಿಗೆ ಕನಿಷ್ಠ ಚಿಲ್ಲರೆ ಬೆಲೆ ಯಾಕೆ ಕಟ್ಟುತ್ತಾರೆ ಅನ್ನೋದು ಅವರ ಪ್ರಶ್ನೆ. ಅವರು ಕೊಟ್ಟ ಒಂದು ಉತ್ತರ ಹೀಗಿದೆ: ಒಬ್ಬ ವ್ಯಾಪಾರಿ ಸಾಮಾನು ತೋರಿಸಿ, ವಿವರಿಸಿ, ಕಲಿಸಿ ಕೊಡುತ್ತಾನೆ. ಅದಕ್ಕೆ ಖರ್ಚಿದೆ. ಇನ್ನೊಬ್ಬ ಅದ್ಯಾವುದನ್ನೂ ಮಾಡದೆ ಬೆಲೆ ಇಳಿಸುತ್ತಾನೆ. ಗಿರಾಕಿ ಮೊದಲನೆಯವನ ಹತ್ತಿರ ಕಲಿತು ಎರಡನೆಯವನ ಹತ್ತಿರ ಕೊಳ್ಳುತ್ತಾನೆ. ಕಡೆಗೆ ಕಲಿಸುವವನೇ ಕಲಿಸೋದು ನಿಲ್ಲಿಸುತ್ತಾನೆ. ಇಂಟರ್ನೆಟ್ ಇರದಿದ್ದ ಕಾಲದಲ್ಲಿ ಬರೆದಿದ್ದು! ಉಂಡೂ ಹೋದ ಕೊಂಡೂ ಹೋದ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಅದೇ ನಾನು. ಪೆಟ್ಟಿಗೆಯ ಮೇಲಿನ ಅಂಟಿನ ಗುರುತೇ ಸಾಕ್ಷಿ.

ಹಾಗಾದರೆ ಬೆಲೆ ಕಟ್ಟಿಬಿಟ್ಟರೆ ಆಯಿತಲ್ಲ ಅನ್ನಬಹುದು. ಕಾನೂನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬ್ರಿಟನ್ ಹೆಚ್ಚುಕಡಿಮೆ ಎಲ್ಲ ಸರಕುಗಳಿಗೂ ಇಂಥ ಬೆಲೆ ಕಟ್ಟುವಿಕೆಯನ್ನು ತಡೆಯುವ ಕಾಯ್ದೆ ತಂದಿದ್ದು 1964ರಲ್ಲಿ. ಯುರೋಪಿಯನ್ ಒಕ್ಕೂಟದ ಸ್ಪರ್ಧಾ ನಿಯಮಗಳು ಇದನ್ನು ಗಂಭೀರ ತಪ್ಪು ಅಂತಲೇ ನೋಡುತ್ತವೆ. ಅಮೆರಿಕದಲ್ಲಿ 1911ರ ಒಂದು ತೀರ್ಪು ಇದು ತನ್ನಷ್ಟಕ್ಕೇ ಅಕ್ರಮ ಅಂದಿತ್ತು. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5-4ರ ತೀರ್ಪಿನಲ್ಲಿ ಆ ಹಳೆಯ ನಿಯಮ ತೆಗೆದು, ಒಂದೊಂದು ಪ್ರಕರಣವನ್ನೂ ಅದರ ಗುಣದ ಮೇಲೆ ನೋಡಬೇಕು ಅಂದಿತು. ಆ ಮೊಕದ್ದಮೆಯಲ್ಲಿ ಒಂದು ತಮಾಷೆ ಇದೆ. ಬೆಲೆ ಇಳಿಸಿ ಮಾರಿದ್ದಕ್ಕೆ ಸರಬರಾಜು ಕಳೆದುಕೊಂಡಿದ್ದು ದೈತ್ಯ ಕಂಪನಿಯೇನಲ್ಲ, ಟೆಕ್ಸಾಸಿನ ಒಂದು ಬಟ್ಟೆಬರೆ, ಅಲಂಕಾರ ಸಾಮಾನಿನ ಅಂಗಡಿ. ರಿಯಾಯಿತಿ ಅನ್ನೋದು ಕೆಲವೊಮ್ಮೆ ಸಣ್ಣವನ ಕೈಯಲ್ಲಿರುವ ಒಂದೇ ಆಯುಧ. ಇದು ನೆನಪಾದಾಗಲೆಲ್ಲ ನನ್ನ ಸಿಟ್ಟು ಸ್ವಲ್ಪ ಗಲಿಬಿಲಿಗೊಳ್ಳುತ್ತದೆ.

ರಿಯಾಯಿತಿ ಇಂಟರ್ನೆಟ್ಟಿನ ಮಗುವೂ ಅಲ್ಲ. ಹಳೆಯ ರೈಲು ಹವ್ಯಾಸದ ಪತ್ರಿಕೆಗಳ ಹಿಂದಿನ ಪುಟಗಳನ್ನು ನೋಡಿದವರಿಗೆ ಗೊತ್ತು. ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಂಚೆ ವ್ಯಾಪಾರದವರ ದರಪಟ್ಟಿ ಪುಟಗಟ್ಟಲೆ ಇರುತ್ತಿತ್ತು. ಆಗಲೂ ಅಂಗಡಿಯವರು ಗೊಣಗುತ್ತಿದ್ದರು. ಆದರೆ ಆ ಜಾಹೀರಾತು ಓದಿ, ಚೆಕ್ ಬರೆದು, ಲಕೋಟೆ ಅಂಟಿಸಿ, ವಾರಗಟ್ಟಲೆ ಕಾಯೋಕೆ ತಾಳ್ಮೆ ಬೇಕಿತ್ತು. ಈಗ ಅಂಗಡಿಯ ಗಾಜಿನ ಮುಂದೆ ನಿಂತುಕೊಂಡೇ ಫೋನ್ ತೆಗೆದು ದರ ನೋಡುತ್ತಾರೆ. ಒಮ್ಮೆ ಒಬ್ಬರು ಕೈಯಲ್ಲಿ ಇಂಜಿನ್ ಹಿಡಿದು, ಮೂರು ಕಡೆಯಿಂದ ಫೋಟೊ ಹೊಡೆದು, "ಥ್ಯಾಂಕ್ಸ್, ಆಮೇಲೆ ಬರ್ತೀನಿ" ಅಂತ ಹೋದರು. ಅಂಗಡಿಯವರು ಗಾಜಿನ ಮೇಲೆ ಉಳಿದ ಬೆರಳಚ್ಚು ಒರೆಸಿದರು.

ವಿಚಿತ್ರ ಏನೆಂದರೆ, ಎಲೆಕ್ಟ್ರಿಕ್ ಆಟಿಕೆ ರೈಲಿನ ಒಂದು ದೊಡ್ಡ ಕಥೆ ಶುರುವಾಗಿದ್ದೇ ಅಂಗಡಿಯ ಗಾಜಿನ ಹಿಂದೆ. 1900ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಜೋಶುವಾ ಲಯೋನೆಲ್ ಕೋವೆನ್ ಅನ್ನೋರು ಬ್ಯಾಟರಿಯಿಂದ ಓಡುವ ಒಂದು ಸಣ್ಣ ಮರದ ಗಾಡಿ ಮಾಡಿದರು. ಹೆಸರು ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್. ಅದು ಮಾರೋಕೆ ಮಾಡಿದ್ದಲ್ಲ. ಅಂಗಡಿಯ ಕಿಟಕಿಯಲ್ಲಿ ಬೇರೆ ಸಾಮಾನು ಹೊತ್ತು ಸುತ್ತುತ್ತಾ ಜನರ ಕಣ್ಣು ಸೆಳೆಯಲಿ ಅಂತ. ಜನ ನಿಂತು ನೋಡಿದರು, ಒಳಗೆ ಬಂದರು, ಸಾಮಾನು ಬಿಟ್ಟು ಆ ಗಾಡಿಯನ್ನೇ ಕೊಡಿ ಅಂದರಂತೆ. ಲಯೋನೆಲ್ ಕಂಪನಿ ಬೆಳೆದ ಕಥೆಯನ್ನು ಹೀಗೇ ಹೇಳುತ್ತಾರೆ. ಓಡುವ ರೈಲನ್ನು ಕಣ್ಣಾರೆ ನೋಡಿದಾಗ ಆಗುವುದು ಫೋಟೊ ನೋಡಿದರೆ ಆಗುವುದಿಲ್ಲ. ನನಗೂ ಈ ಹುಚ್ಚು ಹತ್ತಿದ್ದು ಒಂದು ಗಾಜಿಗೆ ಮೂಗು ಒತ್ತಿಕೊಂಡು ನಿಂತಾಗಲೇ.

ಇಷ್ಟೆಲ್ಲ ಹೇಳಿದ ಮೇಲೆ ಪ್ರೀ-ಆರ್ಡರ್ ವಿಷಯ ಹೇಳದಿದ್ದರೆ ಅಂಗಡಿಯವರ ನಿಜವಾದ ಸಂಕಟ ತಿಳಿಯುವುದಿಲ್ಲ. ಈಗ ಬಹುಪಾಲು ಇಂಜಿನ್‌ಗಳು ಚೀನಾದ ಕಾರ್ಖಾನೆಗಳಲ್ಲಿ ಕಂತು ಕಂತಾಗಿ ತಯಾರಾಗುತ್ತವೆ. 1833ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ ಬ್ಯಾಕ್‌ಮನ್ ಕಂಪನಿಯೂ 1980ರ ದಶಕದಿಂದ ಹಾಂಗ್‌ಕಾಂಗಿನ ಕೇಡರ್ ಸಮೂಹದ ಕೈಯಲ್ಲಿದೆ. ಒಂದು ಮಾದರಿ ಒಂದು ಸಲ ತಯಾರಾಯಿತು ಅಂದರೆ ಮತ್ತೆ ಅದು ಯಾವಾಗ ಬರುತ್ತದೋ ಹೇಳೋಕಾಗದು. ಅದಕ್ಕೇ ಎಷ್ಟು ಬೇಕು ಅಂತ ಅಂಗಡಿಯವರು ಒಂದು ವರ್ಷವೋ ಎರಡು ವರ್ಷವೋ ಮುಂಚೆಯೇ ಬರೆದು ಕೊಡಬೇಕು. ಬಂದಾಗ ದುಡ್ಡು ಕಟ್ಟಿ ಎತ್ತಬೇಕು. ಹತ್ತು ಬರೆದು ಕೊಟ್ಟು, ಆರು ಗಿರಾಕಿಗಳು ಅಷ್ಟರಲ್ಲಿ ಬೇರೆ ಕಡೆ ಕಡಿಮೆಗೆ ಕೊಂಡುಬಿಟ್ಟರೆ? ಉಳಿದ ಆರು ಇಂಜಿನ್ ಕಪಾಟಿನಲ್ಲಿ ಕೂರುತ್ತವೆ. ಹೋಗಲಿ, ಕಡಿಮೆ ಬರೆದು ಕೊಟ್ಟರೋ, "ನಿಮ್ಮ ಹತ್ರ ಏನೂ ಇರೋದೇ ಇಲ್ಲ ಬಿಡಿ" ಅಂತ ಗಿರಾಕಿ ಹೋಗುತ್ತಾನೆ. ಅತ್ತ ದರಿ, ಇತ್ತ ಪುಲಿ. ದೊಡ್ಡವನಿಗೂ ಉಳಿಯುತ್ತವೆ, ಇಲ್ಲ ಅಂತಲ್ಲ. ಆದರೆ ಅವನು ಉಳಿದಿದ್ದನ್ನು ಒಂದು ರಾತ್ರಿಯಲ್ಲಿ ಅರ್ಧ ಬೆಲೆಗೆ ಸುರಿದು ಕೈತೊಳೆದುಕೊಳ್ಳುತ್ತಾನೆ. ಆ ರಾತ್ರಿ ಸಣ್ಣ ಅಂಗಡಿಯ ಕಪಾಟಿನಲ್ಲಿರುವ ಅದೇ ಇಂಜಿನಿನ ಬೆಲೆಯೂ, ಯಾರೂ ಮುಟ್ಟದೆಯೇ, ಅರ್ಧಕ್ಕೆ ಇಳಿದಿರುತ್ತದೆ.

ಕೆಲವೊಮ್ಮೆ ಹೀಗೆ ಸುರಿಯುವವರು ತಯಾರಕರೇ. ಮಾಡೆಲ್ ರೈಲು ಮಾಡುವ ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ಕಷ್ಟದಲ್ಲಿದ್ದಾಗ ರಿಯಾಯಿತಿಯಲ್ಲಿ ಮಾಲು ಕರಗಿಸುವ ಚಾಳಿಗೆ ಬಿದ್ದಿತ್ತು. 2017ರ ಕೊನೆಗೆ ಬಂದ ಹೊಸ ಆಡಳಿತ ಅದನ್ನು ನಿಲ್ಲಿಸುತ್ತೇವೆ ಅಂತ ಬಹಿರಂಗವಾಗಿಯೇ ಹೇಳಿತು. ಕಡಿಮೆ ಬೆಲೆಗೆ ಒಗ್ಗಿದ ಗಿರಾಕಿಯನ್ನು ಮತ್ತೆ ಪೂರಾ ಬೆಲೆಗೆ ಒಗ್ಗಿಸೋದು ಎಷ್ಟು ಕಷ್ಟ ಅಂತ ನನ್ನನ್ನೇ ಕೇಳಿ. ಪೂರಾ ಬೆಲೆ ನೋಡಿದರೆ ಈಗ ನನಗೆ ಯಾರೋ ಮೋಸ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆ ಬೆಲೆ ಮುಂಚಿನಿಂದಲೂ ಅಷ್ಟೇ ಇತ್ತು.

ಇನ್ನು ದೊಡ್ಡವರು ಸುಖವಾಗಿದ್ದಾರಾ? ಹ್ಯಾಟನ್ಸ್ ಕಥೆ ನೋಡಿ. 1946ರಲ್ಲಿ ಲಿವರ್‌ಪೂಲಿನಲ್ಲಿ ಒಂದು ಅಂಗಡಿಯಾಗಿ ಶುರುವಾಗಿದ್ದು. ಅಂಚೆ ವ್ಯಾಪಾರ, ಆಮೇಲೆ ಆನ್‌ಲೈನ್, ಕಡೆಗೆ ದೊಡ್ಡ ಗೋದಾಮು. ಬ್ರಿಟನ್ನಿನ ಹವ್ಯಾಸಿಗಳ ಮಧ್ಯೆ ಕಡಿಮೆ ಬೆಲೆ ಅಂದರೆ ಮೊದಲು ನೆನಪಾಗುತ್ತಿದ್ದ ಹೆಸರುಗಳಲ್ಲಿ ಅದೊಂದು. ತಮ್ಮದೇ ಹೆಸರಿನಲ್ಲಿ ಮಾದರಿಗಳನ್ನೂ ಮಾಡಿಸಿದರು. 2024ರ ಜನವರಿಯಲ್ಲಿ ಬಾಗಿಲು ಹಾಕುತ್ತೇವೆ ಅಂತ ಹೇಳಿದರು. ಸುದ್ದಿ ಓದಿದ ದಿನ ಸಣ್ಣ ಅಂಗಡಿಗಳವರು ಹಿಗ್ಗಿರಬೇಕು ಅಂದುಕೊಂಡೆ. ನಮ್ಮ ಅಂಗಡಿಯವರನ್ನು ಕೇಳಿಯೂಬಿಟ್ಟೆ. "ಹಿಗ್ಗೋದೇನು ಬಂತು? ಅವರ ಮಾಲೆಲ್ಲ ಈಗ ಸಿಕ್ಕ ಬೆಲೆಗೆ ಹೊರಗೆ ಬರುತ್ತೆ. ಆರು ತಿಂಗಳು ನನ್ನ ಹತ್ರ ಯಾರೂ ಇಂಜಿನ್ ಕೇಳಲ್ಲ," ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಈಗಂತೂ ತಯಾರಕರೇ ತಮ್ಮ ಸೈಟಿನಿಂದ ನೇರವಾಗಿ ಗಿರಾಕಿಗೆ ಮಾರುತ್ತಾರೆ. ಹೊಸದಾಗಿ ಬಂದ ಕೆಲವು ಕಂಪನಿಗಳು ಬೆಳೆದಿದ್ದೇ ಹಾಗೆ. ಮಧ್ಯದಲ್ಲಿ ಯಾರಿಗೂ ಪಾಲಿಲ್ಲ. ಇದರ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಏನಿಲ್ಲ. ಮಾಲು ಅವರದು, ಅವರಿಗೆ ಬೇಕಾದ ಹಾಗೆ ಮಾರುತ್ತಾರೆ.

ನಮ್ಮ ಅಂಗಡಿಯವರು ಸುಮ್ನೆ ಕೂತಿಲ್ಲ. ಇಂಜಿನ್ ಇರುತ್ತಿದ್ದ ಗಾಜಿನ ಕಪಾಟು ಈಗ ಸೆಕೆಂಡ್ ಹ್ಯಾಂಡ್ ಮಾಲಿನದು. ಹಳಬರು ತೀರಿಕೊಂಡಾಗ ಮನೆಯವರು ಸೂಟ್‌ಕೇಸಿನಲ್ಲಿ ತುಂಬಿ ತರುತ್ತಾರೆ. ಹೋದ ಸಲ ನಾನಿದ್ದಾಗಲೇ ಒಂದು ಬಂತು. ತಂದಾಕೆಗೆ ಅದರಲ್ಲಿ ಏನಿದೆ ಅಂತಲೂ ಗೊತ್ತಿರಲಿಲ್ಲ. ಒಂದೊಂದು ಪೆಟ್ಟಿಗೆಯೊಳಗೂ ಒಂದು ಚೀಟಿ. ಎಣ್ಣೆ ಬಿಟ್ಟ ದಿನ, ಗಾಲಿ ಒರೆಸಿದ ದಿನ, ಯಾವ ಹಲ್ಲಿನ ಚಕ್ರ ಬದಲಾಯಿಸಿದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಅಂಗಡಿಯವರು ಚೀಟಿಗಳನ್ನು ಓದಿಕೊಂಡೇ ಬೆಲೆ ಹಾಕುತ್ತಾ ಹೋದರು. ಇಂಥ ಮಾಲಿಗೆ ಆನ್‌ಲೈನಿನಲ್ಲಿ ಒಂದು ದರ ಅಂತ ಇರುವುದಿಲ್ಲ, ಕೈಯಲ್ಲಿ ಹಿಡಿದು, ಓಡಿಸಿ ನೋಡಿಯೇ ಕೊಳ್ಳಬೇಕು. ಅದರಿಂದಲೇ ಈಗ ಬಾಡಿಗೆ ಹುಟ್ಟುತ್ತಿದೆ ಅಂತ ಅವರೇ ಹೇಳಿದರು. ರಿಪೇರಿಗೂ ಒಂದು ದರಪಟ್ಟಿ ತೂಗುಹಾಕಿದ್ದಾರೆ. ಗಾಲಿ ಗೇಜ್ ಸರಿಮಾಡೋದು, ಡಿಕೋಡರ್ ಕೂರಿಸೋದು, ರೀಸೆಟ್ ಮಾಡೋದು. ಅದನ್ನು ಮೊದಲ ಸಲ ನೋಡಿದಾಗ ಒಂದು ಕ್ಷಣ ಚುರುಕ್ ಅಂದಿತು. 'ಎರಡು ನಿಮಿಷದ ಕೆಲಸ' ಪಟ್ಟಿಯ ಮೊದಲ ಸಾಲಿನಲ್ಲೇ ಇತ್ತು. ಆಮೇಲೆ ಸಮಾಧಾನವೂ ಆಯಿತು. ಕನಿಷ್ಠ ಇನ್ನು ಮೇಲೆ ಬೇಡದ ಜಾಯಿನರ್ ಕೊಳ್ಳಬೇಕಾಗಿಲ್ಲ.

ಕಳೆದ ತಿಂಗಳು ಒಂದು ತೀರ್ಮಾನ ಮಾಡಿ ಹೋದೆ. ಹೊಸದಾಗಿ ಒಂದು ಇಂಜಿನ್ ಬರುವುದಿದೆ. ಬಹಳ ವರ್ಷದಿಂದ ಕಾಯುತ್ತಿದ್ದ ಮಾದರಿ. ಅದನ್ನು ನಿಮ್ಮಲ್ಲೇ ಬರೆಸುತ್ತೇನೆ ಅಂದೆ. ಅವರೇನೂ ಕುಣಿದಾಡಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ ತೆಗೆದು ನನ್ನ ಹೆಸರು, ಮಾದರಿ ನಂಬರ್ ಬರೆದುಕೊಂಡರು.

"ಯಾವಾಗ ಬರುತ್ತೆ ಸಾರ್?"

"ಮುಂದಿನ ವರ್ಷ ಅಂತಾರೆ. ಅದರ ಮುಂದಿನ ವರ್ಷ ಅಂತ ಇಟ್ಕೊಳ್ಳಿ."

ಪೆನ್ನಿನ ಕ್ಯಾಪ್ ಹಾಕುತ್ತಾ, ತಲೆ ಎತ್ತದೆಯೇ ಹೇಳಿದರು: "ಅಷ್ಟರಲ್ಲಿ ಎಲ್ಲಾದ್ರೂ ಕಡಿಮೆಗೆ ಸಿಕ್ಕಿದ್ರೆ ತಗೊಳ್ಳಿ, ನಂಗೇನೂ ಬೇಜಾರಿಲ್ಲ. ಒಂದು ಫೋನ್ ಮಾಡಿ ಹೇಳಿಬಿಡಿ, ಹೆಸರು ಹೊಡೆದು ಹಾಕ್ತೀನಿ. ತಂದಿಟ್ಟ ಮೇಲೆ ಮಾತ್ರ ಬೇಡ ಅನ್ಬೇಡಿ."

ನಿನ್ನೆ ರಾತ್ರಿ ನಿದ್ದೆ ಬರದೆ ಸೈಟುಗಳನ್ನು ನೋಡುತ್ತಾ ಮಲಗಿದ್ದೆ. ಅದೇ ಇಂಜಿನ್, ಪ್ರೀ-ಆರ್ಡರಿನಲ್ಲೇ 15 ಪರ್ಸೆಂಟ್ ಕಡಿಮೆ. ಇನ್ನೂ ಫೋನ್ ಮಾಡಿಲ್ಲ.